ವೈ-ಫೈ ಡಬ್ಬಿಯೊಳಗಿನ ಫೈಲುಗಳು



ಮನೆಯಲ್ಲಿ ವೈ-ಫೈ ಇದ್ದವರು ಒಮ್ಮೆ ಅದರ ಡಬ್ಬಿಯತ್ತ ಕಣ್ಣು ಹಾಯಿಸಿ. ಗೋಡೆಗೆ ಮೊಳೆ ಹೊಡೆದು ನೇತುಹಾಕಿರುತ್ತೀರಿ. ಇಲ್ಲವೇ ಅದು ಟೀವಿಯ ಹಿಂದೆ ಧೂಳಿನಲ್ಲಿ ಕೂತಿರುತ್ತದೆ. ಎರಡೋ ನಾಲ್ಕೋ ಕೊಂಬು. ಸಾಲಾಗಿ ಮಿಣುಕುವ ಪುಟ್ಟ ದೀಪಗಳು. ಅಂಗಡಿಯವರು ಅದಕ್ಕೆ ರೂಟರ್ ಅನ್ನುತ್ತಾರೆ. ಕೇಬಲ್ ಎಳೆಯಲು ಬರುವ ಹುಡುಗ ಮೋಡೆಮ್ ಅನ್ನುತ್ತಾನೆ. ಮನೆಯವರಿಗೆ ಅದು ಬರೀ ವೈ-ಫೈ. ನಿಧಾನವಾಯಿತು ಅನ್ನಿಸಿದರೆ ಸ್ವಿಚ್ ಆರಿಸಿ ಮತ್ತೆ ಹಾಕುತ್ತೇವೆ. ಅದರ ಜೊತೆ ನಮ್ಮ ವ್ಯವಹಾರ ಅಷ್ಟೇ.

ಆ ಡಬ್ಬಿಯೊಳಗೆ ಒಂದು ಚಿಪ್ ಇದೆ. ಉಗುರಿಗಿಂತ ಚಿಕ್ಕದು. ಬಹಳಷ್ಟು ಡಬ್ಬಿಗಳಲ್ಲಿ ಅದಕ್ಕೆ ಆ ಕಡೆ ನಾಲ್ಕು, ಈ ಕಡೆ ನಾಲ್ಕು ಕಾಲು. ಅದೇ ಫ್ಲ್ಯಾಶ್ ಮೆಮೊರಿ. ನಿಮ್ಮ ವೈ-ಫೈಗೆ ನೀವಿಟ್ಟ ಹೆಸರು, ಅದರ ಪಾಸ್‌ವರ್ಡ್, ಡಬ್ಬಿಯನ್ನು ನಡೆಸುವ ಪ್ರೋಗ್ರಾಂಗಳು, ಎಲ್ಲವೂ ಫೈಲುಗಳಾಗಿ ಅಲ್ಲಿ ಕೂತಿವೆ. ಕರೆಂಟು ಹೋದರೂ ಅಳಿಯುವುದಿಲ್ಲ. ಇವತ್ತಿನ ಮಾತು ಆ ಫೈಲುಗಳ ಬಗ್ಗೆ. ಅವನ್ನು ಇಡುವುದು, ತಿದ್ದುವುದು, ಅಳಿಸುವುದು ಹೇಗೆ ಅನ್ನುವುದರ ಬಗ್ಗೆ. ಮುಖ್ಯವಾಗಿ ಅಳಿಸುವುದರ ಬಗ್ಗೆ. ಏಕೆಂದರೆ ಈ ಚಿಪ್‌ನಲ್ಲಿ ಬರೆಯುವುದು ಸುಲಭ, ಅಳಿಸುವುದೇ ಕಷ್ಟ.

ಮೊದಲು ಜಾಗದ ಲೆಕ್ಕ. ಸಾಧಾರಣ ರೂಟರ್‌ನಲ್ಲಿ ಈ ಚಿಪ್ಪು 8 ಅಥವಾ 16 ಎಂಬಿ ಇರುತ್ತದೆ. ದುಬಾರಿಯದರಲ್ಲಿ 128 ಎಂಬಿ. ಇವತ್ತಿನ ಫೋನಿನಲ್ಲಿ ತೆಗೆದ ಮೂರು ನಾಲ್ಕು ಫೋಟೊಗಳಿಗೇ 16 ಎಂಬಿ ಸಾಲದೆ ಹೋಗಬಹುದು. ಅಷ್ಟರಲ್ಲೇ ಒಂದು ಪೂರ್ತಿ ಕಂಪ್ಯೂಟರ್ ಸಂಸಾರ ಮಾಡುತ್ತದೆ.

ಇನ್ನು ಅಳಿಸುವ ಕಷ್ಟಕ್ಕೆ ಬರೋಣ. ಇದಕ್ಕೆ 40 ವರ್ಷಕ್ಕೂ ಹಿಂದೆ ಹೋಗಬೇಕು.

1984ರ ಡಿಸೆಂಬರ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಜಿನಿಯರುಗಳ ಸಮ್ಮೇಳನ. ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಸುವೊಕಾ ಅಲ್ಲಿ ಹೊಸ ಬಗೆಯ ಮೆಮೊರಿಯೊಂದನ್ನು ಮುಂದಿಟ್ಟರು. ಆಗ ಹೆಚ್ಚಾಗಿ ಬಳಕೆಯಲ್ಲಿದ್ದ ಇಂಥ ಚಿಪ್‌ಗಳ ನೆತ್ತಿಯ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ ಇರುತ್ತಿತ್ತು. ಅಳಿಸಬೇಕಾದರೆ ಚಿಪ್ಪನ್ನು ಬೋರ್ಡಿನಿಂದ ಕಿತ್ತು, ನೇರಳಾತೀತ ದೀಪದ ಕೆಳಗೆ ಸುಮಾರು 20 ನಿಮಿಷ ಇಡಬೇಕಿತ್ತು. ಮಸುವೊಕಾ ಅವರ ಮೆಮೊರಿಯನ್ನು ಕೂತ ಜಾಗದಲ್ಲೇ, ವಿದ್ಯುತ್ತಿನಿಂದಲೇ ಅಳಿಸಬಹುದಿತ್ತು. ಅದೂ ಕ್ಷಣದಲ್ಲಿ. ಆದರೆ ಅದಕ್ಕೊಂದು ಷರತ್ತು. ಬಿಡಿ ಅಕ್ಷರ ಅಳಿಸಲು ಬಾರದು. ಅಳಿಸಿದರೆ ಒಂದು ಇಡೀ ತುಂಡನ್ನೇ ಅಳಿಸಬೇಕು.

ಅಂಗಳದ ರಂಗೋಲಿಯನ್ನು ನೆನೆಸಿಕೊಳ್ಳಿ. ಹೊಸ ಚುಕ್ಕಿಯನ್ನು ಎಲ್ಲಿ ಬೇಕಾದರೂ ಇಡಬಹುದು. ಆದರೆ ಹಾಕಿದ ಒಂದು ಎಳೆಯನ್ನು ಮಾತ್ರ ತೆಗೆಯಲು ಹೋದರೆ ಎಲ್ಲ ಕಲಸಿಹೋಗುತ್ತದೆ. ನೀರು ಹಾಕಿ ಅಂಗಳವನ್ನೇ ತೊಳೆಯಬೇಕು, ಮತ್ತೆ ಮೊದಲಿನಿಂದ ಹಾಕಬೇಕು. ಮಣ್ಣಿನ ಅಂಗಳವಾದರೆ ತೊಳೆದಷ್ಟೂ ನೆಲ ಸವೆಯುತ್ತದೆ.

ಮಸುವೊಕಾ ತಂದ ಆ ಫ್ಲ್ಯಾಶ್ ಮೆಮೊರಿಯ ಕತೆಯೂ ಇದೇ. ರೂಟರ್‌ನ ಚಿಪ್‌ನಲ್ಲಿ ಜಾಗವನ್ನು ಬ್ಲಾಕ್‌ಗಳಾಗಿ ಪಾಲು ಮಾಡಿರುತ್ತಾರೆ. ಸಾಮಾನ್ಯವಾಗಿ ಒಂದು ಬ್ಲಾಕ್ ಎಂದರೆ 64 ಕೆಬಿ. ಅಳಿಸುವುದು ಬ್ಲಾಕ್ ಲೆಕ್ಕದಲ್ಲಿ. ಒಂದು ಬ್ಲಾಕನ್ನು ಸುಮಾರು 1 ಲಕ್ಷ ಸಲ ಅಳಿಸಬಹುದು. ಲಕ್ಷ ಎಂದರೆ ಬಹಳ ಅನ್ನಿಸುತ್ತದೆ. ಆದರೆ ನಿಮಿಷಕ್ಕೊಮ್ಮೆ ಒಂದೇ ಬ್ಲಾಕನ್ನು ಅಳಿಸುತ್ತಾ ಹೋದರೆ 70 ದಿನಕ್ಕೆ ಅದರ ಆಯಸ್ಸು ತೀರುತ್ತದೆ.

ಹಾಗಾದರೆ ಡಬ್ಬಿಗಳು ವರ್ಷಗಟ್ಟಲೆ ಬಾಳುವುದು ಹೇಗೆ? ಫೈಲುಗಳನ್ನು ಇಡುವ ವ್ಯವಸ್ಥೆಯಲ್ಲೇ ಒಂದು ಜಾಣತನ ಇದೆ. ನೀವು ಪಾಸ್‌ವರ್ಡ್ ಬದಲಿಸಿದಿರಿ ಅನ್ನಿ. ಹಳೆಯ ಪಾಸ್‌ವರ್ಡ್ ಇದ್ದ ಜಾಗವನ್ನು ಅದು ಮುಟ್ಟುವುದೇ ಇಲ್ಲ. ಹೊಸದನ್ನು ಬೇರೆ ಖಾಲಿ ಜಾಗದಲ್ಲಿ ಬರೆಯುತ್ತದೆ. ಹಳೆಯದು ರದ್ದು ಎಂದು ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ರದ್ದಾದ ತುಣುಕುಗಳು ತುಂಬಿದ ಮೇಲೆ, ಉಳಿದದ್ದನ್ನು ಬೇರೆಡೆಗೆ ಎತ್ತಿಟ್ಟು, ಇಡೀ ಬ್ಲಾಕನ್ನು ಒಮ್ಮೆಗೇ ಅಳಿಸುತ್ತದೆ. ಈ ಬಗೆಯ ವ್ಯವಸ್ಥೆಯೊಂದನ್ನು 1999ರಲ್ಲಿ ಸ್ವೀಡನ್ನಿನ ಆಕ್ಸಿಸ್ ಎಂಬ ಕಂಪನಿ ಹೊರತಂದಿತು. ಅದು ನೆಟ್‌ವರ್ಕ್ ಕ್ಯಾಮೆರಾ ಮಾಡುವ ಕಂಪನಿ. ಯಾವ ಗಳಿಗೆಯಲ್ಲಿ ಕರೆಂಟು ಹೋದರೂ ಫೈಲುಗಳು ಕೆಡಬಾರದು ಎಂಬುದು ಅವರ ಗುರಿ. ನಮ್ಮ ಊರುಗಳನ್ನು ನೋಡಿಯೇ ಮಾಡಿದಂತಿದೆ.

ಇಲ್ಲಿಯವರೆಗೆ ಹೇಳಿದ್ದು ಎರಡು ಮಾತು. ಚಿಪ್‌ನಲ್ಲಿ ಜಾಗ ಕಡಿಮೆ. ಅಳಿಸುವುದು ದುಬಾರಿ, ಆದ್ದರಿಂದ ಅದನ್ನು ಆದಷ್ಟೂ ಮುಂದೂಡುತ್ತಾರೆ. ಇವೆರಡೂ ಸೇರಿದಾಗ ಒಂದು ವಿಚಿತ್ರ ಹುಟ್ಟುತ್ತದೆ. ಫೈಲು ಅಳಿಸಿದರೂ ಜಾಗ ಸಿಗುವುದಿಲ್ಲ!

ಸಿಸ್ಕೊ ಕಂಪನಿಯ ಕೆಲವು ಹಳೆಯ ಉಪಕರಣಗಳಲ್ಲಿ ಇದನ್ನು ನೇರವಾಗಿ ಕಾಣಬಹುದಿತ್ತು. ಡಿಲೀಟ್ ಎಂದು ಅಪ್ಪಣೆ ಕೊಟ್ಟರೆ ಫೈಲಿನ ಮೇಲೆ ‘ಅಳಿಸಿದೆ’ ಎಂಬ ಗುರುತು ಬೀಳುತ್ತಿತ್ತು. ಜಾಗ ಒಂದಿಷ್ಟೂ ಬಿಡುವಾಗುತ್ತಿರಲಿಲ್ಲ. ಅನ್‌ಡಿಲೀಟ್ ಎಂದರೆ ಅದೇ ಫೈಲು ಎದ್ದು ಬರುತ್ತಿತ್ತು. ನಿಜಕ್ಕೂ ಜಾಗ ಬೇಕಾದರೆ ಸ್ಕ್ವೀಜ್ ಎಂಬ ಇನ್ನೊಂದು ಅಪ್ಪಣೆ ಕೊಟ್ಟು, ಅದು ಮುಗಿಯುವ ತನಕ ಕಾಯಬೇಕಿತ್ತು.

ಮನೆಯ ರೂಟರ್‌ಗಳಲ್ಲಿ ಇದರ ಇನ್ನೊಂದು ರೂಪವಿದೆ. ಅದನ್ನು ತಿಳಿಯಲು ಒಂದು ಹೆಸರಾಂತ ಡಬ್ಬಿಯ ಕತೆ ಕೇಳಿ. ನೀಲಿ ಮತ್ತು ಕಪ್ಪು ಬಣ್ಣ, ಹಿಂದೆ ಎರಡು ಕೊಂಬು. ಲಿಂಕ್‌ಸಿಸ್ ಕಂಪನಿ 2002ರ ಕೊನೆಯಲ್ಲಿ ಮಾರುಕಟ್ಟೆಗೆ ತಂದ ಡಬ್ಲ್ಯುಆರ್‌ಟಿ54ಜಿ. ಅದರ ಚಿಪ್ 4 ಎಂಬಿ. ಅದರೊಳಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಇದೆ ಎಂದು ಆಸಕ್ತರು ಪತ್ತೆ ಮಾಡಿದರು. ಲಿನಕ್ಸ್ ಹಾಕಿದ ಉಪಕರಣ ಮಾರುವವರು ಅದರ ಮೂಲ ಪಠ್ಯವನ್ನು ಹಂಚಬೇಕು ಎಂಬುದು ಪರವಾನಗಿಯ ನಿಯಮ. ಒತ್ತಾಯ ಬಂದ ಮೇಲೆ 2003ರಲ್ಲಿ ಕಂಪನಿ ಅದನ್ನು ಬಿಡುಗಡೆ ಮಾಡಿತು. ಅದರಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಯೋಜನೆ ಹುಟ್ಟಿತು. ಇಂದಿಗೂ ನೂರಾರು ಬಗೆಯ ರೂಟರ್‌ಗಳಿಗೆ ಅದರ ವ್ಯವಸ್ಥೆಯನ್ನು ಹಾಕಿಕೊಳ್ಳಬಹುದು.

ತಮಾಷೆ ಎಂದರೆ 2005ರಲ್ಲಿ ಕಂಪನಿ ಅದೇ ಡಬ್ಬಿಯ ಚಿಪ್ಪನ್ನು 2 ಎಂಬಿಗೆ ಇಳಿಸಿತು. ಲಿನಕ್ಸ್ ತೆಗೆದು ಇನ್ನೂ ಪುಟ್ಟ ವ್ಯವಸ್ಥೆ ಹಾಕಿತು. ಅಭಿಮಾನಿಗಳು ಗೊಣಗಿದರು. ಕೊನೆಗೆ ಹಳೆಯ 4 ಎಂಬಿಯ ಡಬ್ಬಿಯನ್ನೇ ಹೆಸರಿಗೆ ಒಂದು ಅಕ್ಷರ ಸೇರಿಸಿ ಬೇರೆಯಾಗಿ ಮಾರಬೇಕಾಯಿತು. ಎರಡು ಎಂಬಿಗೆ ಇಷ್ಟು ಗಲಾಟೆ!

ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಫೈಲುಗಳು ಎರಡು ಪದರಗಳಲ್ಲಿ ಇರುತ್ತವೆ. ಕೆಳಗಿನ ಪದರದಲ್ಲಿ ಮೂಲ ವ್ಯವಸ್ಥೆ. ಅದನ್ನು ಬಿಗಿಯಾಗಿ ಅಡಕಿ ಇಟ್ಟಿರುತ್ತಾರೆ, ಓದಬಹುದು, ತಿದ್ದಲು ಬಾರದು. ಮೇಲಿನ ತೆಳು ಪದರದಲ್ಲಿ ನಿಮ್ಮ ಬದಲಾವಣೆಗಳು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ. ಈಗ, ಮೂಲದಲ್ಲೇ ಬಂದ ಒಂದು ಪ್ರೋಗ್ರಾಂ ಬೇಡ, ಜಾಗ ಉಳಿಸೋಣ ಎಂದು ನೀವು ಅದನ್ನು ಅಳಿಸುತ್ತೀರಿ. ಆಗುವುದೇನು? ಕೆಳಗಿನ ಫೈಲು ಹಾಗೇ ಇರುತ್ತದೆ. ‘ಇದು ಕಾಣದಿರಲಿ’ ಎಂಬ ಒಂದು ಚೀಟಿ ಮಾತ್ರ ಮೇಲಿನ ಪದರದಲ್ಲಿ ಬೀಳುತ್ತದೆ. ಆ ಚೀಟಿಗೂ ಜಾಗ ಬೇಕಲ್ಲ! ಅಂದರೆ ಅಳಿಸಿದ್ದರಿಂದ ಇದ್ದ ಜಾಗವೂ ಸ್ವಲ್ಪ ಕಡಿಮೆಯಾಯಿತು. ಹೊಸಬರು ಇಲ್ಲೇ ಎಡವುವುದು. ಜಾಗ ಸಾಲದಿದ್ದರೆ ಬೇಡದ್ದನ್ನು ಬಿಟ್ಟು ಮೂಲ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿಸಿ ಹಾಕಬೇಕು. ಇಲ್ಲವೇ ಯುಎಸ್‌ಬಿ ಕಿಂಡಿ ಇದ್ದರೆ ಪೆನ್‌ಡ್ರೈವ್ ಸಿಕ್ಕಿಸಿ, ಮೇಲಿನ ಪದರವನ್ನು ಅದಕ್ಕೆ ವರ್ಗ ಮಾಡಬೇಕು.

ಎರಡು ಪದರದಿಂದ ಒಂದು ದೊಡ್ಡ ಅನುಕೂಲವೂ ಇದೆ. ರೀಸೆಟ್ ಎಂದರೆ ಮೇಲಿನ ಪದರವನ್ನು ಒರೆಸುವುದು, ಅಷ್ಟೆ. ಮೂಲಕ್ಕೆ ಏನೂ ಆಗುವುದಿಲ್ಲ.

ಮೂಲ ಎಂದೆ. ಆ ಚಿಪ್‌ನ ತೀರಾ ಬೆಲೆಬಾಳುವ ಭಾಗ ಮಾತ್ರ ಇನ್ನೊಂದು. ಅನೇಕ ರೂಟರ್‌ಗಳಲ್ಲಿ ಚಿಪ್‌ನ ಕೊನೆಯಲ್ಲಿ 64 ಕೆಬಿಯ ಒಂದು ಮೂಲೆ ಇರುತ್ತದೆ. ಡಬ್ಬಿ ಕಾರ್ಖಾನೆಯಲ್ಲಿದ್ದಾಗ ಅದರ ರೇಡಿಯೊವನ್ನು ಅಳೆದು ನೋಡುತ್ತಾರೆ. ಯಾವ ತರಂಗಕ್ಕೆ ಎಷ್ಟು ಶಕ್ತಿ ಕೊಡಬೇಕು ಎಂಬ ಹೊಂದಾಣಿಕೆಯನ್ನು ಆ ಮೂಲೆಯಲ್ಲಿ ಬರೆದಿಡುತ್ತಾರೆ. ಡಬ್ಬಿಯ ಸ್ವಂತ ಗುರುತಿನ ಸಂಖ್ಯೆಯೂ ಹಲವು ಸಲ ಅಲ್ಲೇ ಇರುತ್ತದೆ. ಒಂದೇ ದಿನ, ಒಂದೇ ಸಾಲಿನಲ್ಲಿ ತಯಾರಾದ ಎರಡು ಡಬ್ಬಿಗಳಲ್ಲೂ ಇದು ಬೇರೆ ಬೇರೆ. ಉಳಿದ ಫೈಲುಗಳು ಹೋದರೆ ಕಂಪನಿಯ ತಾಣದಿಂದ ಇಳಿಸಿಕೊಳ್ಳಬಹುದು. ಇದು ಹೋದರೆ ಲೋಕದಲ್ಲಿ ಎಲ್ಲೂ ಸಿಗದು. ವೈ-ಫೈ ಕುಂಟುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಡಬ್ಬಿಗೆ ಬೇರೆ ವ್ಯವಸ್ಥೆ ಹಾಕಿ ಪ್ರಯೋಗ ಮಾಡುವ ಹುಡುಗರು ಈ ಮಾತು ಕೇಳಿಸಿಕೊಳ್ಳಿ. ಮೊದಲ ದಿನವೇ ಆ 64 ಕೆಬಿಯ ಪ್ರತಿ ತೆಗೆದು ಕಂಪ್ಯೂಟರಿನಲ್ಲಿ ಇಟ್ಟುಬಿಡಿ. ಉಳಿದ ಪ್ರಯೋಗ ಆಮೇಲೆ.

ಜಾಗ ಕಡಿಮೆ, ಅಳಿಸಿದರೂ ಜಾಗ ಸಿಗದು ಎಂದು ಹೇಳಿದೆ. ಫೈಲುಗಳು ಅತಿಯಾದರೆ ಏನಾಗುತ್ತದೆ? ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಭೂಮಿಯ ಮೇಲಿನದಲ್ಲ. ತಂತಿಯಿಲ್ಲದೆ, ರೇಡಿಯೊದಿಂದಷ್ಟೇ ಮುಟ್ಟಬಹುದಾದ ಯಂತ್ರಗಳಲ್ಲಿ ಅದು ಬಹಳ ದೂರದ್ದು.

2004ರ ಜನವರಿ. ಅಮೆರಿಕದ ನಾಸಾ ಕಳಿಸಿದ ಸ್ಪಿರಿಟ್ ಎಂಬ ಗಾಡಿ ಮಂಗಳ ಗ್ರಹದ ಮೇಲೆ ಇಳಿದಿತ್ತು. ಅದರಲ್ಲಿ 256 ಎಂಬಿ ಫ್ಲ್ಯಾಶ್. ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ನೆನಪು, ಅಂದರೆ ರ‍್ಯಾಮ್, 128 ಎಂಬಿ. ಇಳಿದು ಎರಡೂವರೆ ವಾರಕ್ಕೆ, ಜನವರಿ 21ರಂದು, ಗಾಡಿಯ ಮಾತು ತಪ್ಪಿತು. ಒಮ್ಮೊಮ್ಮೆ ಬರೀ ಒಂದು ಸದ್ದು. ಒಮ್ಮೊಮ್ಮೆ ಅರ್ಥವಿಲ್ಲದ ಮಾಹಿತಿ. ಮತ್ತೆ ಮೌನ. ರಾತ್ರಿ ನಿದ್ರೆಗೆ ಹೋಗಬೇಕಾದ ಗಾಡಿ ಎಚ್ಚರವಾಗಿಯೇ ಇತ್ತು. ಬ್ಯಾಟರಿ ಇಳಿಯುತ್ತಿತ್ತು. ಅದು ತನ್ನಷ್ಟಕ್ಕೆ ತಾನು ಆರಿ, ಹತ್ತಿ, ಮತ್ತೆ ಆರುತ್ತಿತ್ತು. ಹೀಗೆ 60ಕ್ಕೂ ಹೆಚ್ಚು ಸಲ.

ಕಾರಣ ಏನು? ಭೂಮಿಯಿಂದ ಹೊರಟು ಹಾರುತ್ತಿದ್ದ ಏಳು ತಿಂಗಳಲ್ಲಿ ತುಂಬಿದ ಹಳೆಯ ಫೈಲುಗಳು ಫ್ಲ್ಯಾಶ್‌ನಲ್ಲಿ ಹಾಗೇ ಉಳಿದಿದ್ದವು. ಫ್ಲ್ಯಾಶ್‌ನಲ್ಲೇನೋ ಇನ್ನೂ ಜಾಗವಿತ್ತು. ಆದರೆ ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯನ್ನು ಗಾಡಿ ಎದ್ದಾಗಲೆಲ್ಲ ರ‍್ಯಾಮ್‌ಗೆ ತಂದುಕೊಳ್ಳುತ್ತಿತ್ತು. ಫೈಲುಗಳು ಹೆಚ್ಚಿದಂತೆ ಪಟ್ಟಿ ಬೆಳೆಯಿತು. ಫೈಲು ಅಳಿಸಿದರೂ ಪಟ್ಟಿ ಕುಗ್ಗುತ್ತಿರಲಿಲ್ಲ. ಒಂದು ದಿನ ಪಟ್ಟಿಗೆ ರ‍್ಯಾಮ್ ಸಾಲದಾಯಿತು. ಗಾಡಿ ಗಾಬರಿಯಾಗಿ ತನ್ನನ್ನು ಆರಿಸಿಕೊಂಡಿತು. ಮತ್ತೆ ಎದ್ದಾಗ ಮಾಡಿದ ಮೊದಲ ಕೆಲಸವೇ ಆ ಪಟ್ಟಿಯನ್ನು ತರುವುದು!

ರೇಡಿಯೊ ಸಂದೇಶ ಅಲ್ಲಿಗೆ ಮುಟ್ಟಲು ಸುಮಾರು 10 ನಿಮಿಷ. ಎಂಜಿನಿಯರುಗಳು ಒಂದು ಅಪ್ಪಣೆ ಕಳಿಸಿದರು. ‘ಏಳುವಾಗ ಫ್ಲ್ಯಾಶ್ ಕಡೆ ನೋಡಲೇ ಬೇಡ’ ಎಂದು. ಗಾಡಿ ಹಾಗೇ ಎದ್ದಿತು, ಸ್ಥಿಮಿತಕ್ಕೆ ಬಂತು. ಆಮೇಲೆ ಹಳೆಯ ಫೈಲುಗಳನ್ನು ಅಳಿಸಿದರು. ಫೆಬ್ರವರಿಯ ಮೊದಲ ವಾರದಲ್ಲಿ ಇಡೀ ಫ್ಲ್ಯಾಶ್ ಒರೆಸಿ ಹೊಸದಾಗಿ ಸಿದ್ಧ ಮಾಡಿದರು. ಮೂರು ತಿಂಗಳು ಬಾಳಿದರೆ ಸಾಕು ಎಂದುಕೊಂಡಿದ್ದ ಗಾಡಿ 2010ರ ತನಕ ಮಾತಾಡುತ್ತಿತ್ತು.

ಅದರ ಜೋಡಿ ಗಾಡಿ ಆಪರ್ಚುನಿಟಿಗೂ ಫ್ಲ್ಯಾಶ್ ತೊಂದರೆ ಬಂತು, ಹತ್ತು ವರ್ಷದ ನಂತರ. 2014ರ ಆಗಸ್ಟಿನಲ್ಲಿ ಅದೂ ಆರಿ ಹತ್ತಲು ಶುರು ಮಾಡಿತು. ಈ ಸಲ ಸಂಶಯ ಬಿದ್ದದ್ದು ಸವೆತದ ಮೇಲೆ. ಬರೆದು ಅಳಿಸಿ ಮೆಮೊರಿಯ ಕೆಲವು ಕೋಶಗಳು ಸೋತಿರಬಹುದು ಎಂದುಕೊಂಡರು. ಒಳಗಿದ್ದ ಮಾಹಿತಿಯನ್ನು ಮೊದಲು ಭೂಮಿಗೆ ತರಿಸಿಕೊಂಡು, ನಂತರ ಫಾರ್ಮ್ಯಾಟ್ ಮಾಡಿದರು. ಕ್ರಮ ಗಮನಿಸಿ. ಮೊದಲು ಪ್ರತಿ, ಆಮೇಲೆ ಒರೆಸುವುದು.

ಮಂಗಳದಿಂದ ನಮ್ಮ ಗೋಡೆಗೆ ವಾಪಸು ಬರೋಣ. ರೂಟರ್‌ನಲ್ಲೂ ರ‍್ಯಾಮ್ ಇದೆ. ದಿನವಿಡೀ ಏನೇನು ನಡೆಯಿತು, ಯಾವ ಫೋನು ಬಂತು, ಯಾವುದು ಹೋಯಿತು ಎಂಬ ದಿನಚರಿಯನ್ನು ಅದು ಬರೆಯುತ್ತಲೇ ಇರುತ್ತದೆ. ಆ ದಿನಚರಿಯನ್ನು ಫ್ಲ್ಯಾಶ್‌ಗೆ ಬರೆದರೆ ಚಿಪ್ ಸವೆಯುತ್ತದೆ. ಅದಕ್ಕೇ ಬಹಳಷ್ಟು ಡಬ್ಬಿಗಳು ಅದನ್ನು ರ‍್ಯಾಮ್‌ನಲ್ಲೇ ಇಡುತ್ತವೆ. ಸ್ವಿಚ್ ಆರಿಸಿದರೆ ಅದು ಹೋಯಿತು. ಇಂಟರ್‌ನೆಟ್ ಪದೇ ಪದೇ ಕಡಿಯುತ್ತಿದೆಯೇ? ರಿಪೇರಿಯವರಿಗೆ ತೋರಿಸಬೇಕಾದರೆ, ಆರಿಸುವ ಮೊದಲೇ ಆ ದಿನಚರಿಯನ್ನು ಫೋನಿಗೆ ಇಳಿಸಿಕೊಳ್ಳಿ. ನಾವು ಮಾಡುವುದು ತಿರುಗುಮುರುಗು. ಮೊದಲು ಸ್ವಿಚ್ ಆರಿಸುತ್ತೇವೆ, ಆಮೇಲೆ ಕಾರಣ ಹುಡುಕುತ್ತೇವೆ.

ಆರಿಸಿ ಹಾಕುವುದರಿಂದ ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂಬುದು ಒಮ್ಮೆ ಲೋಕದ ಸುದ್ದಿಯೇ ಆಯಿತು. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕಿಡಿಗೇಡಿ ಪ್ರೋಗ್ರಾಂ ಸುಮಾರು 5 ಲಕ್ಷ ರೂಟರ್‌ಗಳನ್ನು ಹೊಕ್ಕಿದೆ ಎಂದು ತಿಳಿಯಿತು. ನಿಮ್ಮ ರೂಟರ್ ಆರಿಸಿ ಹಾಕಿ ಎಂದು ಅಮೆರಿಕದ ಎಫ್‌ಬಿಐ ಜನರನ್ನು ಕೇಳಿಕೊಂಡಿತು. ಆ ಪ್ರೋಗ್ರಾಂನ ಹಾನಿಕಾರಕ ಭಾಗಗಳು ರ‍್ಯಾಮ್‌ನಲ್ಲಿದ್ದವು. ಆರಿಸಿದರೆ ಅವು ಹೋಗುತ್ತಿದ್ದವು. ಆದರೆ ಮೊದಲು ಹೊಕ್ಕ ಚಿಕ್ಕ ತುಣುಕು ಅಳಿಯದ ಮೆಮೊರಿಯಲ್ಲೇ ಬೇರೂರಿತ್ತು. ಅದನ್ನು ಕೀಳಲು ರೀಸೆಟ್ ಮಾಡಿ ಹೊಸ ಫರ್ಮ್‌ವೇರ್ ಹಾಕಬೇಕಿತ್ತು.

ಫರ್ಮ್‌ವೇರ್ ಎಂದೆ. ಡಬ್ಬಿಯ ಮೂಲ ವ್ಯವಸ್ಥೆಯ ಪೂರ್ತಿ ಕಟ್ಟೇ ಫರ್ಮ್‌ವೇರ್. ಆಗಾಗ ಅದರ ಹೊಸ ಆವೃತ್ತಿ ಬರುತ್ತದೆ. ಭದ್ರತೆಯ ತೂತುಗಳನ್ನು ಮುಚ್ಚಿರುತ್ತಾರೆ. ಅದನ್ನು ಹಾಕಿಕೊಳ್ಳಲೇಬೇಕು. ಹಾಕುವಾಗ ಚಿಪ್‌ನ ಹೆಚ್ಚು ಭಾಗ ಒಂದೇ ಸಲಕ್ಕೆ ಅಳಿದು ಮತ್ತೆ ಬರೆಯಲ್ಪಡುತ್ತದೆ. ನಾನು ಆರಂಭದಲ್ಲಿ ಹೇಳಿದ ಅಂಗಳ ಪೂರ್ತಿ ತೊಳೆದಿದೆ, ಹೊಸ ರಂಗೋಲಿ ಇನ್ನೂ ಅರ್ಧ ಬಿದ್ದಿದೆ, ಆಗ ಕರೆಂಟು ಹೋದರೆ? ಡಬ್ಬಿ ಏಳುವುದಿಲ್ಲ. ದೀಪ ಒಂದೇ ಉರಿಯುತ್ತ ಕೂರುತ್ತದೆ. ಕೆಲವು ಡಬ್ಬಿಗಳಲ್ಲಿ ಎರಡು ಪೂರ್ತಿ ಪ್ರತಿಗಳಿರುತ್ತವೆ, ಒಂದು ಕೆಟ್ಟರೆ ಇನ್ನೊಂದರಿಂದ ಏಳುತ್ತವೆ. ಕೆಲವನ್ನು ಟಿಎಫ್‌ಟಿಪಿ ಎಂಬ 1980ರ ದಶಕದ ಸರಳ ವಿಧಾನದಿಂದ, ಕಂಪ್ಯೂಟರಿಗೆ ತಂತಿ ಹಾಕಿ ಎಬ್ಬಿಸಬಹುದು. ಎಲ್ಲಕ್ಕೂ ಈ ಅನುಕೂಲ ಇಲ್ಲ.

ಆದ್ದರಿಂದ ನಮ್ಮಲ್ಲಿ ಅಪ್‌ಡೇಟ್‌ಗೆ ಮುಹೂರ್ತ ನೋಡಬೇಕು! ಬೇಸಿಗೆಯ ಸಂಜೆ ಬೇಡ. ಗುಡುಗು ಮಳೆಯ ಹೊತ್ತು ಬೇಡ. ಯುಪಿಎಸ್ ಇದ್ದರೆ ಡಬ್ಬಿಯನ್ನು ಅದಕ್ಕೇ ಸಿಕ್ಕಿಸಿ. ರೂಟರ್‌ಗೆಂದೇ ಅಂಗೈಯಗಲದ ಯುಪಿಎಸ್ ಅಂಗಡಿಗಳಲ್ಲಿ ಸಿಗುತ್ತದೆ. ವೈ-ಫೈ ಮೇಲೆ ಮಾಡುವ ಬದಲು ಕೇಬಲ್ ಹಾಕಿ ಮಾಡಿದರೆ ಇನ್ನೂ ಕ್ಷೇಮ. ಶುರುವಾದ ಮೇಲೆ ಐದು ನಿಮಿಷ ಸುಮ್ಮನಿರಿ. ಏನೂ ಆಗುತ್ತಿಲ್ಲವಲ್ಲ ಎಂದು ಸ್ವಿಚ್ಚಿಗೆ ಕೈ ಹಾಕಬೇಡಿ.

ಇದು ಕೈತಪ್ಪಿನ ಮಾತಾಯಿತು. ಬೇಕೆಂದೇ ಫ್ಲ್ಯಾಶ್ ಅಳಿಸಿದವರೂ ಇದ್ದಾರೆ. 2022ರ ಫೆಬ್ರವರಿ 24, ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ದಿನ. ವಯಾಸ್ಯಾಟ್ ಕಂಪನಿಯ ಉಪಗ್ರಹ ಇಂಟರ್‌ನೆಟ್ ಬಳಸುತ್ತಿದ್ದ ಯುರೋಪಿನ ಹತ್ತಾರು ಸಾವಿರ ಮೋಡೆಮ್‌ಗಳು ಒಟ್ಟಿಗೆ ಸ್ತಬ್ಧವಾದವು. ದಾಳಿಕೋರರು ಮೋಡೆಮ್‌ಗಳನ್ನು ನೋಡಿಕೊಳ್ಳುವ ಜಾಲದೊಳಗೆ ನುಗ್ಗಿದ್ದರು. ಅಲ್ಲಿಂದಲೇ ಅಪ್ಪಣೆ ಕಳಿಸಿ, ಫ್ಲ್ಯಾಶ್‌ನಲ್ಲಿದ್ದ ಮುಖ್ಯ ಮಾಹಿತಿಯ ಮೇಲೆ ಬೇರೇನೋ ಬರೆಸಿಬಿಟ್ಟಿದ್ದರು. ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳು ದೂರದ ಹತೋಟಿಗೆ ಸಿಗದಾದವು. ರೆಕ್ಕೆಗಳು ತಿರುಗುತ್ತಿದ್ದವು, ನೋಡಿಕೊಳ್ಳುವವರಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಮೋಡೆಮ್‌ಗಳೇನೂ ಸುಟ್ಟಿರಲಿಲ್ಲ. ಆದರೂ ಕಂಪನಿ ಮುಂದಿನ ವಾರಗಳಲ್ಲಿ ಹತ್ತಿರಹತ್ತಿರ 30 ಸಾವಿರ ಮೋಡೆಮ್‌ಗಳನ್ನು ಬದಲಿಗೆ ಕಳಿಸಬೇಕಾಯಿತು.

ಬರೆಯುವುದು, ಅಳಿಸುವುದು, ಸವೆಯುವುದು, ಇಷ್ಟು ಕೇಳಿದಿರಿ. ಉಳಿದದ್ದು ನೀವು ಮಾಡಬಹುದಾದ ಒಂದೆರಡು ಕೆಲಸ. ಡಬ್ಬಿಯ ಬೆನ್ನಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿರುವ ವಿಳಾಸವನ್ನು ಫೋನಿನ ಬ್ರೌಸರಿನಲ್ಲಿ ಹೊಡೆದರೆ ಡಬ್ಬಿಯ ಒಳಮನೆ ತೆರೆಯುತ್ತದೆ. ಅಲ್ಲಿ ಬ್ಯಾಕಪ್ ಎಂಬ ಗುಂಡಿ ಹುಡುಕಿ. ಒತ್ತಿದರೆ ನಿಮ್ಮ ಎಲ್ಲ ಹೊಂದಾಣಿಕೆಗಳು ಒಂದೇ ಫೈಲಾಗಿ ಇಳಿಯುತ್ತವೆ. ತೀರಾ ಚಿಕ್ಕ ಫೈಲು. ಅಪ್‌ಡೇಟ್‌ಗೆ ಮುಂಚೆ ಒಮ್ಮೆ, ಏನಾದರೂ ಬದಲಿಸಿದಾಗ ಒಮ್ಮೆ ಇದನ್ನು ಮಾಡಿ. ಫೈಲಿನ ಹೆಸರಿಗೆ ತಾರೀಕು ಸೇರಿಸಿ. ಒಂದು ಎಚ್ಚರ ಇರಲಿ. ಅನೇಕ ಸಲ ಆ ಫೈಲಿನಲ್ಲಿ ಪಾಸ್‌ವರ್ಡ್‌ಗಳೂ ಇರುತ್ತವೆ. ಅದನ್ನು ಊರಿನವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ‘ಇದು ಸರಿ ಇದೆಯಾ’ ಎಂದು ಕೇಳಬೇಡಿ.

ಇನ್ನು ಡಬ್ಬಿ ಹಳತಾದಾಗ. ಗುಜರಿಯವರು ತೂಕಕ್ಕೆ ಹಾಕುತ್ತಾರೆ. ಪಕ್ಕದ ಮನೆಯ ಹುಡುಗ ಕೇಳುತ್ತಾನೆ. ಬಾಡಿಗೆ ಡಬ್ಬಿಯಾದರೆ ಕಂಪನಿಯವರೇ ಒಯ್ಯುತ್ತಾರೆ. ಎಲ್ಲಿಗೆ ಹೋದರೂ ನಿಮ್ಮ ಫೈಲುಗಳು ಒಳಗೇ ಇರುತ್ತವೆ. 2023ರಲ್ಲಿ ಈಸೆಟ್ ಎಂಬ ಭದ್ರತಾ ಕಂಪನಿ, ಕಚೇರಿಗಳು ಬಳಸಿ ಮಾರಿದ ಹಳೆಯ ರೂಟರ್‌ಗಳನ್ನು ಕೊಂಡು ಬಿಚ್ಚಿ ನೋಡಿತು. ಅರ್ಧಕ್ಕಿಂತ ಹೆಚ್ಚು ಡಬ್ಬಿಗಳಲ್ಲಿ ಹಳೆಯ ಕಚೇರಿಯ ಗುಟ್ಟುಗಳು ಹಾಗೇ ಇದ್ದವು. ಆದ್ದರಿಂದ ಕೈಬಿಡುವ ಮೊದಲು ಡಬ್ಬಿಯನ್ನು ಕರೆಂಟಿಗೆ ಹಾಕಿ, ಪೂರ್ತಿ ಎದ್ದ ಮೇಲೆ, ಹಿಂದಿರುವ ಚಿಕ್ಕ ತೂತಿಗೆ ಪಿನ್ನು ತೂರಿಸಿ. ಸುಮಾರು 10 ಸೆಕೆಂಡು ಒತ್ತಿ ಹಿಡಿಯಿರಿ. ದೀಪಗಳೆಲ್ಲ ಒಮ್ಮೆ ಮಿಣುಕಿ ಆರಿ ಮತ್ತೆ ಹತ್ತಬೇಕು. ನಂತರ ಫೋನಿನಲ್ಲಿ ನೋಡಿ. ನೀವಿಟ್ಟ ವೈ-ಫೈ ಹೆಸರು ಹೋಗಿ, ಡಬ್ಬಿಯ ಬೆನ್ನಿನ ಚೀಟಿಯಲ್ಲಿರುವ ಹೆಸರು ಕಾಣಿಸಿದರೆ ರೀಸೆಟ್ ಆಗಿದೆ. ರೀಸೆಟ್ ಆದರೂ ಹಳೆಯ ಪಾಸ್‌ವರ್ಡ್‌ನ ತುಣುಕು ಯಾವುದೋ ಬ್ಲಾಕ್‌ನಲ್ಲಿ ಇನ್ನೂ ಉಳಿದಿರಬಹುದು. ಅದೇ ಪಾಸ್‌ವರ್ಡನ್ನು ಹೊಸ ಡಬ್ಬಿಗೆ ಇಡಬೇಡಿ.